ಅವತಾರಗಳ ಮುಷ್ಕರ: ಐಬಿಎಂ ದ್ವೀಪದ ಕಥೆ

(ಭಾಗ 1)

2007ರ ಸೆಪ್ಟೆಂಬರ್ 27. ಇಟಲಿಯ ಐಬಿಎಂ ನೌಕರರು ಅವತ್ತು ಒಂದು ಮುಷ್ಕರ ಮಾಡಿದರು. ಟೀಶರ್ಟು, ಫಲಕ, ಘೋಷಣೆ ಎಲ್ಲಾ ಇತ್ತು. ಆದರೆ ಅದು ನಡೆದ ಜಾಗಕ್ಕೆ ಬಸ್ಸಲ್ಲಿ ಹೋಗೋಕೆ ಆಗಲ್ಲ. ಸೆಕೆಂಡ್ ಲೈಫ್ ಅನ್ನೋ ಕಂಪ್ಯೂಟರ್ ಲೋಕದ ಒಳಗೆ, ಐಬಿಎಂ ತಾನೇ ದುಡ್ಡು ಹಾಕಿ ಮಾಡಿಸಿಕೊಂಡಿದ್ದ ದ್ವೀಪಗಳ ಮೇಲೆ, 30 ದೇಶಗಳಿಂದ ಬಂದ 1,800ಕ್ಕೂ ಹೆಚ್ಚು ಅವತಾರಗಳು ಧಿಕ್ಕಾರ ಕೂಗಿದವು.

ಆಗ ನಿಮ್ಮಲ್ಲಿ ಕೆಲವರು ಹುಟ್ಟೇ ಇರಲಿಲ್ಲ, ಮಿಕ್ಕವರು ಅಂಗನವಾಡಿ, ಎಲ್‌ಕೆಜಿ. ಈಗ ಯಾಕೆ ಹೇಳ್ತಿದೀನಿ ಅಂದ್ರೆ, 2021ರ ಅಕ್ಟೋಬರ್‌ನಲ್ಲಿ ಫೇಸ್‌ಬುಕ್ ಕಂಪನಿ ತನ್ನ ಹೆಸರನ್ನ ಮೆಟಾ ಅಂತ ಬದಲಾಯಿಸಿಕೊಂಡಾಗ ಎಲ್ಲರೂ ಇದು ನಿನ್ನೆ ಮೊನ್ನೆ ಹುಟ್ಟಿದ ಐಡಿಯಾ ಅನ್ನೋ ಹಾಗೆ ಮಾತಾಡಿದರು. ಇನ್ನು ಮುಂದೆ ಆಫೀಸು ಅಂದ್ರೆ ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ಕೂರೋದು, ಮೀಟಿಂಗು ಟ್ರೈನಿಂಗು ಎಲ್ಲಾ ಅದರೊಳಗೇ ಅಂತ. ಅದಕ್ಕೂ ಹದಿನಾಲ್ಕು ಹದಿನೈದು ವರ್ಷ ಮುಂಚೆ ಇದೇ ನಾಟಕ ಒಂದು ಸಲ ಪರದೆ ಎದ್ದು, ಪರದೆ ಬಿದ್ದೂ ಆಗಿತ್ತು. ನಾಳೆ ಪ್ಲೇಸ್‌ಮೆಂಟ್ ಆಗಿ ಯಾವುದೋ ಕಂಪನಿಯ ಐಡಿ ಕಾರ್ಡ್ ಕುತ್ತಿಗೆಗೆ ಹಾಕಿಕೊಳ್ಳೋರು ನಾವೇ ಅಲ್ವಾ? ಹಾಗಾಗಿ ಈ ಕಥೆ ನಮಗೆ ಬೇಕು.

ಸೆಕೆಂಡ್ ಲೈಫ್ ಶುರುವಾಗಿದ್ದು 2003ರ ಜೂನ್‌ನಲ್ಲಿ. ಮಾಡಿದ್ದು ಸ್ಯಾನ್ ಫ್ರಾನ್ಸಿಸ್ಕೋದ ಲಿಂಡೆನ್ ಲ್ಯಾಬ್, ಅದರ ಸ್ಥಾಪಕ ಫಿಲಿಪ್ ರೋಸ್‌ಡೇಲ್. ನೋಡೋಕೆ ಗೇಮ್ ಥರಾನೇ. ಆದರೆ ಗೆಲ್ಲೋದು ಸೋಲೋದು ಏನೂ ಇಲ್ಲ. ಒಂದು ದೇಹ ತೊಟ್ಟುಕೊಂಡು ಒಳಗೆ ಹೋಗ್ತೀರಿ, ಓಡಾಡ್ತೀರಿ, ಬೇಕಂದ್ರೆ ಹಾರ್ತೀರಿ, ಜಾಗ ತಗೊಂಡು ಮನೆ ಕಟ್ತೀರಿ. ಕಟ್ಟಿದ್ದನ್ನ ಮಾರಬಹುದು. ಅಲ್ಲಿಯ ಲಿಂಡೆನ್ ಡಾಲರನ್ನ ನಿಜವಾದ ಡಾಲರಿಗೆ ಬದಲಾಯಿಸಿಕೊಳ್ಳಬಹುದು. ತೊಡುವ ಆ ದೇಹದ ಹೆಸರೇ ಅವತಾರ್. ಹೌದು, ನಮ್ಮ ದಶಾವತಾರದ ಅವತಾರವೇ. 1980ರ ದಶಕದಲ್ಲಿ ಲ್ಯೂಕಾಸ್‌ಫಿಲ್ಮ್‌ನವರು ಹ್ಯಾಬಿಟ್ಯಾಟ್ ಅನ್ನೋ ಆನ್‌ಲೈನ್ ಲೋಕ ಮಾಡಿದಾಗಲೇ ಈ ಪದ ಎತ್ತಿಕೊಂಡಿದ್ದರು. (ನಮ್ಮ ಯಕ್ಷಗಾನದವರನ್ನ ಕೇಳಿದ್ದರೆ ‘ವೇಷ’ ಅಂತ ಇನ್ನೂ ಚೆನ್ನಾಗಿರೋ ಪದ ಕೊಡ್ತಿದ್ದರೇನೋ.)

(ಭಾಗ 2)

ಇಂಥ ಜಾಗಕ್ಕೆ ಸೂಟು ಬೂಟಿನ ಐಬಿಎಂ ಹೋಗಿದ್ದು ಯಾಕೆ?

2006ರ ನವೆಂಬರ್. ಐಬಿಎಂ ಮುಖ್ಯಸ್ಥ ಸ್ಯಾಮ್ ಪಾಮಿಸಾನೊ ಬೀಜಿಂಗ್‌ನಲ್ಲಿ ನೌಕರರ ಸಭೆ ನಡೆಸಿದರು. ಅದೇ ಹೊತ್ತಿಗೆ ಅವರ ಅವತಾರ ಸೆಕೆಂಡ್ ಲೈಫ್‌ನಲ್ಲಿ ಕಟ್ಟಿದ್ದ ಬೀಜಿಂಗ್ ಅರಮನೆಯ ಪ್ರತಿಕೃತಿಯಲ್ಲಿ ಕಾಣಿಸಿಕೊಂಡಿತು. ಹೊಸ ವ್ಯವಹಾರಗಳಿಗೆ 10 ಕೋಟಿ ಡಾಲರ್ ಹಾಕ್ತೀವಿ, ಅದರಲ್ಲಿ ಸುಮಾರು 1 ಕೋಟಿ ಡಾಲರ್ ಮೂರು ಆಯಾಮದ ಇಂಟರ್ನೆಟ್ಟಿಗೆ ಅಂತ ಘೋಷಣೆ ಆಯ್ತು. ಆಮೇಲೆ ಕೇಳಬೇಕಾ! ಐಬಿಎಂ ದ್ವೀಪಗಳು ಎದ್ದವು. ಅಲ್ಲಿ ಸಭಾಂಗಣ, ಗ್ರಾಹಕರಿಗೆ ಸ್ವಾಗತ ಕೇಂದ್ರ, ಸರ್ಕಿಟ್ ಸಿಟಿ ಅನ್ನೋ ಎಲೆಕ್ಟ್ರಾನಿಕ್ಸ್ ಅಂಗಡಿಯ ಮಾದರಿ ಶಾಖೆ. (ಆ ಸರ್ಕಿಟ್ ಸಿಟಿ 2008ರಲ್ಲಿ ನಿಜಲೋಕದಲ್ಲೇ ದಿವಾಳಿ ಆಯ್ತು.) ಉಳಿದವರೂ ಸಾಲಾಗಿ ಬಂದರು. ರಾಯಿಟರ್ಸ್ ಸುದ್ದಿಸಂಸ್ಥೆ ಅಲ್ಲೊಂದು ಬ್ಯೂರೋ ತೆರೆಯಿತು, ಸ್ವೀಡನ್ ಮತ್ತು ಮಾಲ್ಡೀವ್ಸ್ ರಾಯಭಾರ ಕಚೇರಿಗಳನ್ನೇ ತೆರೆದವು.

ಇದನ್ನ ಬರೀ ಹುಚ್ಚು ಅನ್ನಬೇಡಿ. ಐಬಿಎಂನಂಥ ಕಂಪನಿಯ ಒಂದೇ ತಂಡದಲ್ಲಿ ನ್ಯೂಯಾರ್ಕಿನವರು, ಬೆಂಗಳೂರಿನವರು, ಬೀಜಿಂಗ್‌ನವರು ಇರ್ತಾರೆ. ಫೋನ್ ಕಾನ್ಫರೆನ್ಸಿನಲ್ಲಿ ಯಾರು ಮಾತಾಡ್ತಿದಾರೆ ಅಂತ ತಿಳಿಯೋದೇ ಕಷ್ಟ. ಸೆಕೆಂಡ್ ಲೈಫ್‌ನಲ್ಲಿ ಪಕ್ಕದಲ್ಲಿರೋ ಅವತಾರದ ಧ್ವನಿ ಜೋರಾಗಿ, ದೂರದ್ದು ಸಣ್ಣಗೆ ಕೇಳುತ್ತೆ. ಮೀಟಿಂಗ್ ಮುಗಿದ ಮೇಲೆ ಇಬ್ಬರು ಮೂಲೆಗೆ ಸರಿದು ಗುಸುಗುಸು ಮಾತಾಡಬಹುದು. ಆಫೀಸಿನಲ್ಲಿ ಅರ್ಧ ಕೆಲಸ ಆಗೋದು ಕಾಫಿ ಮೆಷಿನ್ ಹತ್ತಿರ ತಾನೆ? ಅದನ್ನೇ ಅವರು ಕಂಪ್ಯೂಟರ್ ಒಳಗೆ ತರೋಕೆ ಹೊರಟಿದ್ದರು. 2007ರ ಬೇಸಿಗೆಯಲ್ಲಿ ನೌಕರರಿಗೆ ನಡವಳಿಕೆ ನಿಯಮಾವಳಿಯೂ ಬಂತು: ಕಂಪನಿ ಕೆಲಸಕ್ಕೆ ಹೋಗುವಾಗ ನಿಮ್ಮ ಅವತಾರದ ರೂಪ, ಉಡುಪು ಸಭ್ಯವಾಗಿರಲಿ, ಹೊರಗಿನವರ ಜೊತೆ ಮರ್ಯಾದೆಯಿಂದ ನಡಕೊಳ್ಳಿ, ಹೀಗೆ.

ಒಂದು ವಿಷಯ ಗಮನದಲ್ಲಿಡಿ. ಲಿಂಡೆನ್ ಲ್ಯಾಬ್ ನಡೆಸುತ್ತಿದ್ದ ಆ ಲೋಕ ಎಲ್ಲರಿಗೂ ತೆರೆದಿತ್ತು. ಐಬಿಎಂ ಅಲ್ಲಿ ಬಾಡಿಗೆ ಕಟ್ಟುವ ಒಬ್ಬ ಗಿರಾಕಿ ಅಷ್ಟೆ. ಪುಕ್ಕಟೆ ಒಂದು ಖಾತೆ ತೆರೆದ ಯಾರು ಬೇಕಾದರೂ ಅದರ ಸಾರ್ವಜನಿಕ ದ್ವೀಪಕ್ಕೆ ಬಂದು ಇಳಿಯಬಹುದಿತ್ತು. ಗ್ರಾಹಕರು ಬರಲಿ ಅಂತಲೇ ಬಾಗಿಲು ತೆರೆದಿಟ್ಟಿದ್ದರು.

(ಭಾಗ 3)

ಈಗ ಇಟಲಿಗೆ. ಅಲ್ಲಿ ಐಬಿಎಂಗೆ ಸುಮಾರು 9,000 ನೌಕರರಿದ್ದರು. ಸಂಬಳದ ಮಾತುಕತೆಯಲ್ಲಿ ಯೂನಿಯನ್ ಒಂದು ಸಣ್ಣ ಏರಿಕೆ ಕೇಳಿತು. ಕಂಪನಿ ಏರಿಸೋದಿರಲಿ, ಇದ್ದ ಸಾಧನಾ ಬೋನಸ್ಸನ್ನೇ ನಿಲ್ಲಿಸಿತು. ತಲೆಗೆ ವರ್ಷಕ್ಕೆ ಸುಮಾರು 1,000 ಯೂರೋ. ಕೇಳಿದ್ದು ಕೈಗೆ ಬರಲಿಲ್ಲ, ಕೈಯಲ್ಲಿದ್ದದ್ದೂ ಹೋಯ್ತು.

ಮಿಲಾನ್ ಹತ್ತಿರದ ವಿಮೆರ್ಕಾಟೆ ಕಚೇರಿಯ ನೌಕರ ಪ್ರತಿನಿಧಿಗಳ ತಲೆಗೆ ಆಗ ಬಂದ ಉಪಾಯ ನೋಡಿ. ಐಟಿ ಕಂಪನಿಯಲ್ಲಿ ಹಳೇ ಥರದ ಮುಷ್ಕರದಿಂದ ಏನಾಗುತ್ತೆ? ಗಿರಣಿ ಆಗಿದ್ದರೆ ಯಂತ್ರ ನಿಲ್ಲುತ್ತೆ, ಹೊಗೆ ನಿಲ್ಲುತ್ತೆ, ಊರಿಗೆಲ್ಲ ಗೊತ್ತಾಗುತ್ತೆ. ಇಲ್ಲಿ ಸರ್ವರ್ ಅದರ ಪಾಡಿಗೆ ಓಡ್ತಿರುತ್ತೆ. ನೌಕರರು ಒಬ್ಬೊಬ್ಬರು ಒಂದೊಂದು ಊರಲ್ಲಿ, ಮನೆಯಲ್ಲಿ, ಗ್ರಾಹಕರ ಆಫೀಸಿನಲ್ಲಿ. ಗೇಟಿನ ಮುಂದೆ ಗುಂಪು ಸೇರಿಸೋಕೆ ಗೇಟಾದ್ರೂ ಯಾವುದು? ಆದರೆ ಕಂಪನಿ ಇಡೀ ಜಗತ್ತಿಗೆ ತೋರಿಸಿಕೊಂಡು ಮೆರೆಯುತ್ತಿದ್ದ ಗೇಟು ಒಂದಿತ್ತು. ಸೆಕೆಂಡ್ ಲೈಫ್‌ನಲ್ಲಿ.

ಅಂತರರಾಷ್ಟ್ರೀಯ ಕಾರ್ಮಿಕ ಒಕ್ಕೂಟ ಯೂನಿ ಜೊತೆ ನಿಂತಿತು. ಅವತಾರ ಮಾಡಿಕೊಳ್ಳೋದು ಹೇಗೆ, ನಡೆಯೋದು ಹೇಗೆ ಅಂತ ಗೊತ್ತಿಲ್ಲದವರಿಗೆ ಹೇಳಿಕೊಡಬೇಕಿತ್ತು. ಬಂದವರಿಗೆ ಮುಷ್ಕರದ ಕಿಟ್ ಕೊಟ್ಟರು: ಟೀಶರ್ಟು, ಫಲಕ, ಸೂಚನೆಗಳು. ಯಾವ ದ್ವೀಪದಲ್ಲಿ ಎಷ್ಟು ಜನ ನಿಲ್ಲೋದು ಅನ್ನೋದೂ ಸಣ್ಣ ವಿಷಯ ಆಗಿರಲಿಲ್ಲ. ಸೆಕೆಂಡ್ ಲೈಫ್‌ನ ನೆಲ 256 ಮೀಟರ್ ಉದ್ದ, 256 ಮೀಟರ್ ಅಗಲದ ತುಂಡುಗಳಾಗಿ ಹಂಚಿಕೆ ಆಗಿತ್ತು, ಒಂದೊಂದು ತುಂಡಲ್ಲಿ ಇಷ್ಟೇ ಅವತಾರ ಅಂತ ಮಿತಿ. ಹತ್ತಾರು ಜನ ತುಂಬಿದರೆ ಬಸ್ ಫುಲ್, ಆಮೇಲೆ ಬಂದವರು ಒಳಗೆ ಬರೋಕಾಗಲ್ಲ. ಅದಕ್ಕೇ ಇಡೀ ದಿನ ಪಾಳಿ ಪ್ರಕಾರ, ಬೇರೆ ಬೇರೆ ದ್ವೀಪಗಳಲ್ಲಿ ಪ್ರತಿಭಟನೆ ನಡೆಯಿತು. ಒಂದು ದ್ವೀಪ ತುಂಬಿಬಿಟ್ಟರೆ ಗ್ರಾಹಕರಿಗೂ ಜಾಗ ಇಲ್ಲ ಅನ್ನೋದನ್ನ ಬೇರೆ ಹೇಳಬೇಕಾಗಿಲ್ಲ.

ಭಾಗವಹಿಸಿದವರಲ್ಲಿ ಎಲ್ಲರೂ ಐಬಿಎಂನವರಲ್ಲ, ಎಲ್ಲರೂ ಇಟಲಿಯವರೂ ಅಲ್ಲ. ಬೋನಸ್ ಹೋಗಿದ್ದು ಯಾರದೋ, ಫಲಕ ಹಿಡಿದು ನಿಂತವರು ಯಾರೋ. ನನಗೆ ಇಡೀ ಕಥೆಯಲ್ಲಿ ತುಂಬಾ ಇಷ್ಟವಾಗೋದು ಇದೇ. ಕಂಪನಿ ‘ದೂರದ ಜನರನ್ನ ಒಂದೇ ಜಾಗಕ್ಕೆ ತರ್ತೀವಿ’ ಅಂತ ಹೇಳಿ ಮಾಡಿದ ವ್ಯವಸ್ಥೆ ಹೇಳಿದ ಹಾಗೇ ಕೆಲಸ ಮಾಡಿತು.

ಅಕ್ಟೋಬರ್‌ನಲ್ಲಿ ಐಬಿಎಂ ಇಟಲಿಯ ಮುಖ್ಯಸ್ಥರು ರಾಜೀನಾಮೆ ಕೊಟ್ಟರು. ಅದನ್ನೂ ಮುಷ್ಕರವನ್ನೂ ಒಂದೇ ದಾರದಲ್ಲಿ ಪೋಣಿಸೋದು ಬೇಡ. ಆದರೆ ಮಾತುಕತೆ ಮತ್ತೆ ಶುರುವಾಗಿ, ಬೋನಸ್ ಮರಳಿ ಕೊಡುವ ಒಪ್ಪಂದ ಆಯ್ತು ಅನ್ನೋದು ದಾಖಲಾದ ವಿಷಯ.

(ಭಾಗ 4)

ಮುಂದಿನ ವರ್ಷ ಬಾಗಿಲ ವಿಷಯ ಬೇರೆಯಾಯಿತು. 2008ರ ಏಪ್ರಿಲ್‌ನಲ್ಲಿ ಐಬಿಎಂ ಮತ್ತು ಲಿಂಡೆನ್ ಲ್ಯಾಬ್ ಸೇರಿ ಒಂದು ಪ್ರಕಟಣೆ ಕೊಟ್ಟವು: ಸೆಕೆಂಡ್ ಲೈಫ್‌ನ ಕೆಲವು ತುಂಡುಗಳನ್ನ ಐಬಿಎಂನ ಸ್ವಂತ ಸರ್ವರ್‌ಗಳಲ್ಲಿ, ಫೈರ್‌ವಾಲ್ ಒಳಗೆ ಇಡ್ತೀವಿ ಅಂತ. ಮುಷ್ಕರಕ್ಕೆ ಹೆದರಿ ಹೀಗೆ ಮಾಡಿದರು ಅಂತ ನಾನು ಹೇಳ್ತಿಲ್ಲ. ಕಂಪನಿಯ ಗುಟ್ಟುಗಳನ್ನ ತೆರೆದ ಲೋಕದಲ್ಲಿ ಮಾತಾಡೋಕಾಗಲ್ಲ, ಅದು ನ್ಯಾಯವಾದ ಕಾರಣವೇ. ಆದರೆ ಗೋಡೆ ಎದ್ದ ಮೇಲೆ ಒಳಗೆ ಬರೋದು ಯಾರು ಅನ್ನೋದನ್ನ ತೀರ್ಮಾನ ಮಾಡೋದೂ ಗೋಡೆ ಕಟ್ಟಿದವರೇ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಐಬಿಎಂನ 200ಕ್ಕೂ ಹೆಚ್ಚು ತಂತ್ರಜ್ಞರು ಹೀಗೆ ಭದ್ರವಾದ ಜಾಗದಲ್ಲಿ ಸಮ್ಮೇಳನ ನಡೆಸಿದರು. ಖರ್ಚು ಸುಮಾರು 80,000 ಡಾಲರ್, ಉಳಿತಾಯ 3,20,000 ಡಾಲರ್ ಅಂತ ಲೆಕ್ಕ ಬಂತು. ಲೆಕ್ಕ ಪ್ರಕಟಿಸಿದ್ದು ಲಿಂಡೆನ್ ಲ್ಯಾಬ್, ಅಂದರೆ ಸರಕು ಮಾರುವವರೇ, ಅದನ್ನ ನೆನಪಲ್ಲಿಟ್ಟುಕೊಂಡು ಓದಿ. 2009ರ ನವೆಂಬರ್‌ನಲ್ಲಿ ಅವರು ಕಂಪನಿಗಳಿಗಾಗಿಯೇ ಪೂರ್ತಿ ಮುಚ್ಚಿದ ಆವೃತ್ತಿಯೊಂದನ್ನ ಮಾರಾಟಕ್ಕೆ ಇಟ್ಟರು, ಬೆಲೆ 55,000 ಡಾಲರ್‌ನಿಂದ ಶುರು. 2010ರ ಜೂನ್‌ನಲ್ಲಿ ಲಿಂಡೆನ್ ಲ್ಯಾಬ್ ತನ್ನದೇ ನೌಕರರಲ್ಲಿ ಶೇ. 30ರಷ್ಟು ಜನರನ್ನ ಮನೆಗೆ ಕಳಿಸಿತು. ಆ ಆವೃತ್ತಿಯೂ ಅದೇ ವರ್ಷ ನಿಂತುಹೋಯ್ತು.

ಸನ್ ಮೈಕ್ರೋಸಿಸ್ಟಮ್ಸ್ ಕಥೆ ಇನ್ನೂ ಚಿಕ್ಕದು. ಅವರ ಮೆನ್ಲೋ ಪಾರ್ಕ್ ಕ್ಯಾಂಪಸ್ಸಿನ ಕಟ್ಟಡಗಳಿಗೆ ಎಂಪಿಕೆ ಅಂತ ನಂಬರಿನ ಹೆಸರು. ಎಂಪಿಕೆ 20 ಮಾತ್ರ ಕಂಪ್ಯೂಟರ್ ಒಳಗಿತ್ತು, ಮನೆಯಿಂದ ಕೆಲಸ ಮಾಡೋರಿಗೆ ಅಂತ. 2010ರಲ್ಲಿ ಒರಾಕಲ್ ಕಂಪನಿ ಸನ್ ಅನ್ನ ಕೊಂಡುಕೊಂಡ ಮೇಲೆ ಅದಕ್ಕೂ ದುಡ್ಡು ನಿಂತಿತು. 2020ರಲ್ಲಿ ನಾವೆಲ್ಲ ಮನೆಯಲ್ಲಿ ಕೂತಾಗ ಜಗತ್ತು ಆರಿಸಿಕೊಂಡಿದ್ದು ಅವತಾರಗಳನ್ನಲ್ಲ, ಚೌಕ ಚೌಕ ಮುಖಗಳ ವಿಡಿಯೋ ಕಾಲನ್ನ. ಕಾರಣ ಸರಳ. ಬರೀ ಮಾತಾಡೋಕೆ ದ್ವೀಪ ಬೇಕಾಗಿಲ್ಲ.

(ಭಾಗ 5)

ಹಾಗಾದ್ರೆ ಎಲ್ಲಾ ದಂಡವಾ? ಇಲ್ಲ. ಮೀಟಿಂಗ್ ಸೋತ ಕಡೆ ಟ್ರೈನಿಂಗ್ ಗೆದ್ದಿತು. ಅದರ ಬೇರು ಕಂಪ್ಯೂಟರಿಗಿಂತ ಹಳೇದು.

ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್‌ಟನ್‌ನಲ್ಲಿ ಎಡ್ವಿನ್ ಲಿಂಕ್ ಅನ್ನೋನ ಅಪ್ಪನಿಗೆ ಪಿಯಾನೋ, ಆರ್ಗನ್ ಮಾಡುವ ಕಾರ್ಖಾನೆ ಇತ್ತು. ಮಗನಿಗೆ ವಿಮಾನದ ಹುಚ್ಚು. ಆರ್ಗನ್ನಿಗೆ ಗಾಳಿ ಊದುವ ತಿದಿಗಳನ್ನೇ ಬಳಸಿ, ನೆಲದ ಮೇಲೆ ನಿಂತೇ ವಿಮಾನದ ಹಾಗೆ ವಾಲುವ ಪೆಟ್ಟಿಗೆಯೊಂದನ್ನ 1929ರ ಹೊತ್ತಿಗೆ ಮಾಡಿದ. ಮೊದಮೊದಲು ಕೊಂಡಿದ್ದು ಮನರಂಜನಾ ಪಾರ್ಕಿನವರು! 1934ರಲ್ಲಿ ಅಮೆರಿಕದ ಸೇನೆಗೆ ವಿಮಾನದಲ್ಲಿ ಅಂಚೆ ಸಾಗಿಸುವ ಕೆಲಸ ಬಿತ್ತು. ಮೋಡ, ಮಂಜಿನಲ್ಲಿ ಬರೀ ಉಪಕರಣ ನೋಡಿ ಹಾರಿಸೋ ಅಭ್ಯಾಸವಿಲ್ಲದ ಪೈಲಟ್‌ಗಳು ಕೆಲವೇ ವಾರಗಳಲ್ಲಿ ಒಬ್ಬರ ಹಿಂದೊಬ್ಬರು ಸತ್ತರು. ಆಮೇಲೆ ಸೇನೆ ಲಿಂಕ್ ಪೆಟ್ಟಿಗೆಗಳನ್ನ ಕೊಂಡಿತು, ಆರು, ಒಂದಕ್ಕೆ 3,500 ಡಾಲರ್. ಎರಡನೇ ಮಹಾಯುದ್ಧದ ಹೊತ್ತಿಗೆ ಲಕ್ಷಗಟ್ಟಲೆ ಜನ ಅದರಲ್ಲಿ ಕೂತು ಕಲಿತರು. 1983ರಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಸಿಮ್‌ನೆಟ್ ಶುರು ಮಾಡಿ ಇಂಥ ಪೆಟ್ಟಿಗೆಗಳನ್ನ ಜಾಲದಿಂದ ಜೋಡಿಸಿತು. ಬೇರೆ ಬೇರೆ ಊರಲ್ಲಿ ಕೂತ ಟ್ಯಾಂಕ್ ಪಡೆಗಳು ಒಂದೇ ಕಣದಲ್ಲಿ ಯುದ್ಧಾಭ್ಯಾಸ ಮಾಡೋ ಹಾಗಾಯ್ತು.

ತಪ್ಪು ಮಾಡಿದರೆ ಜೀವ ಹೋಗುವ ಕಡೆ ಸುಳ್ಳು ಲೋಕ ನಿಜವಾಗಲೂ ಬೇಕು. ಕಂಪನಿಗಳಿಗೂ ಇದು ಅರ್ಥ ಆಯ್ತು. 2017ರಲ್ಲಿ ವಾಲ್‌ಮಾರ್ಟ್ ಹೆಡ್‌ಸೆಟ್ ಟ್ರೈನಿಂಗ್ ಶುರು ಮಾಡಿತು. ರಿಯಾಯಿತಿ ದಿನ ಜನ ಮುಗಿಬೀಳುವಾಗ ಏನು ಮಾಡಬೇಕು ಅನ್ನೋದನ್ನ ಅಂಗಡಿಯಲ್ಲಿ ನಿಜವಾಗಿ ಗಲಾಟೆ ಮಾಡಿಸಿ ಕಲಿಸೋಕಾಗಲ್ಲವಲ್ಲ. 2018ರಲ್ಲಿ 17,000 ಹೆಡ್‌ಸೆಟ್‌ಗಳನ್ನ ಅಂಗಡಿಗಳಿಗೆ ಕಳಿಸೋದಾಗಿ ಹೇಳಿತು. 2021ರಲ್ಲಿ ಅಕ್ಸೆಂಚರ್, ನಮ್ಮ ಬೆಂಗಳೂರಲ್ಲೂ ದೊಡ್ಡ ಕಚೇರಿಗಳಿರೋ ಕಂಪನಿ, ಹೊಸಬರ ಇಂಡಕ್ಷನ್ನಿಗೆ ಅಂತ 60,000 ಹೆಡ್‌ಸೆಟ್ ತರಿಸಿತು.

ಈಗ ಇಟಲಿಯವರನ್ನ ನೆನಪಿಸಿಕೊಂಡು ಇದನ್ನ ಓದಿ. 2019ರಲ್ಲಿ ವಾಲ್‌ಮಾರ್ಟ್ ಇದೇ ಹೆಡ್‌ಸೆಟ್ಟನ್ನ ಕಲಿಸೋಕೆ ಮಾತ್ರ ಅಲ್ಲ, ಯಾರನ್ನ ಮೇಲಿನ ಹುದ್ದೆಗೆ ಏರಿಸಬೇಕು ಅಂತ ಅಳೆಯೋಕೂ ಬಳಸ್ತಿದೆ ಅಂತ ಸುದ್ದಿ ಬಂತು. ಇಂಥ ಲೋಕದಲ್ಲಿ 20 ನಿಮಿಷ ಕಳೆದರೆ ನಿಮ್ಮ ತಲೆ, ಕೈಗಳ ಚಲನೆಯ ಹತ್ತಿರ ಹತ್ತಿರ 20 ಲಕ್ಷ ದಾಖಲೆ ಉಳಿಯುತ್ತೆ ಅಂತ ಸ್ಟ್ಯಾನ್‌ಫರ್ಡ್‌ನ ಪ್ರೊಫೆಸರ್ ಜೆರೆಮಿ ಬೇಲೆನ್‌ಸನ್ ಬರೆದಿದ್ದಾರೆ. ಸೆಕೆಂಡ್ ಲೈಫ್‌ನಲ್ಲಿ ನೌಕರ ತನಗೆ ಬೇಕಾದ ವೇಷದಲ್ಲಿ, ಬೇಕಾದವರ ಜೊತೆ, ಕಂಪನಿಯ ಅಂಗಳಕ್ಕೆ ತಾನಾಗೇ ನಡೆದು ಹೋಗಿದ್ದ. ಈ ಪರೀಕ್ಷೆಯ ಹೆಡ್‌ಸೆಟ್ ಒಳಗೆ ಅವನೊಬ್ಬನೇ.

ನಮ್ಮ ಸೀನಿಯರ್ಸಲ್ಲಿ, ಫಾಲೋವರ್ಸಲ್ಲಿ ಯಾರಾದ್ರೂ ಕೆಲಸಕ್ಕೆ ಸೇರಿದಾಗ ಇಂಥ ಹೆಡ್‌ಸೆಟ್ ಹಾಕಿಕೊಂಡಿದ್ರೆ ಕಾಮೆಂಟಲ್ಲಿ ಬರೀರಿ. ಏನು ತೋರಿಸಿದ್ರು? ಏನೇನು ರೆಕಾರ್ಡ್ ಆಗುತ್ತೆ ಅಂತ ಮೊದಲೇ ಹೇಳಿದ್ರಾ? ಕಂಪನಿ ಹೆಸರು ಬೇಡ.

#ಇತಿಹಾಸ #ಕೆಲಸದಕಥೆ #ಅವತಾರ #ಕನ್ನಡದಲ್ಲಿಓದಿ