ಕಂಪನಿಗಳ ಆರ್ಥಿಕ ಆರೋಗ್ಯದ ಮೌಲ್ಯಾಂಕನ: ಮಂಗಳೂರಿನ ಇತಿಹಾಸ

ಕಂಪನಿಯೊಂದು ಪಡೆದ ಸಾಲವನ್ನು ತೀರಿಸಬಲ್ಲದೇ, ನಿಜವಾಗಿ ಲಾಭ ಗಳಿಸುತ್ತಿದೆಯೇ, ಅದರ ಷೇರಿಗೆ ಪೇಟೆ ಕೊಡುತ್ತಿರುವ ಬೆಲೆಗೆ ಆಧಾರವಿದೆಯೇ ಎಂಬುದನ್ನು ವರ್ಷದಿಂದ ವರ್ಷಕ್ಕೆ ಅಳೆದು ನೋಡುವ ಕ್ರಮವೇ ಮೌಲ್ಯಾಂಕನ. ಬಳಕೆಯ ಮಾತಿನಲ್ಲಿ ರೇಟಿಂಗ್. ಮಂಗಳೂರಿನಲ್ಲಿ ಇದರ ಚರಿತ್ರೆ ಬಹುಪಾಲು ಬ್ಯಾಂಕುಗಳ ಚರಿತ್ರೆಯೇ ಆಗಿದೆ.

ಅಮ್ಮೆಂಬಳ ಸುಬ್ಬರಾವ್ ಪೈ ಅವರು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಆರಂಭಿಸಿದ್ದು 1906ರ ಜುಲೈಯಲ್ಲಿ. ಇದೇ ಮುಂದೆ ಕೆನರಾ ಬ್ಯಾಂಕ್ ಆಯಿತು. ಅದೇ ವರ್ಷ ಹಾಜಿ ಅಬ್ದುಲ್ಲಾ ಅವರ ನೇತೃತ್ವದಲ್ಲಿ ಉಡುಪಿಯಲ್ಲಿ ಹುಟ್ಟಿದ ಸಂಸ್ಥೆ ಬಳಿಕ ಕಾರ್ಪೊರೇಷನ್ ಬ್ಯಾಂಕ್ ಎನಿಸಿಕೊಂಡಿತು. ಆಗ ಮಂಗಳೂರು, ಉಡುಪಿಗಳಿದ್ದ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಆ ಪ್ರಾಂತ್ಯದ ರಾಜಧಾನಿಯಲ್ಲೇ, ಆ ವರ್ಷದ ಅಕ್ಟೋಬರಿನಲ್ಲಿ, ಅತಿ ಪ್ರತಿಷ್ಠಿತವೆನಿಸಿದ್ದ ಆರ್ಬತ್‌ನಾಟ್ ಬ್ಯಾಂಕ್ ದಿವಾಳಿಯಾಯಿತು. ದೊಡ್ಡ ಹೆಸರು ಬೇರೆ, ಗಟ್ಟಿ ತಿಜೋರಿ ಬೇರೆ ಎಂಬುದನ್ನು ಠೇವಣಿದಾರರು ನಷ್ಟ ಅನುಭವಿಸಿ ತಿಳಿಯಬೇಕಾಯಿತು. ಕರಾವಳಿಯಲ್ಲಿ 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ, 1931ರಲ್ಲಿ ಎ. ಬಿ. ಶೆಟ್ಟಿ ಅವರ ವಿಜಯಾ ಬ್ಯಾಂಕ್ ಹುಟ್ಟಿದವು. ಆ ದಿನಗಳಲ್ಲಿ ರೇಟಿಂಗ್ ಸಂಸ್ಥೆಗಳಿರಲಿಲ್ಲ. ನಿರ್ದೇಶಕರ ನಡತೆ, ತಪ್ಪದೆ ಬರುವ ಡಿವಿಡೆಂಡ್, ಕೇಳಿದಾಗ ಠೇವಣಿ ಕೈಗೆ ಬರುತ್ತದೆಂಬ ನಂಬಿಕೆ: ಇವನ್ನು ನೋಡಿಯೇ ಜನ ಬ್ಯಾಂಕನ್ನು ಅಳೆಯುತ್ತಿದ್ದರು. ಅಮೆರಿಕದಲ್ಲಿ ಜಾನ್ ಮೂಡಿ 1909ರಲ್ಲೇ ರೈಲ್ವೆ ಬಾಂಡುಗಳಿಗೆ ಅಕ್ಷರಗಳ ದರ್ಜೆ ಕೊಡಲು ತೊಡಗಿದ್ದರು. ಭಾರತಕ್ಕೆ ಆ ಪದ್ಧತಿ ಬರಲು ಇನ್ನೂ ಸುಮಾರು 80 ವರ್ಷ ಬೇಕಾಯಿತು.

ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ 1960ರಲ್ಲಿ ಮುಳುಗಿದ ಮೇಲೆ ದುರ್ಬಲ ಬ್ಯಾಂಕುಗಳನ್ನು ಕಡ್ಡಾಯವಾಗಿ ವಿಲೀನಗೊಳಿಸುವ ಅಧಿಕಾರ ರಿಸರ್ವ್ ಬ್ಯಾಂಕಿನ ಕೈ ಸೇರಿತು. ಕರ್ಣಾಟಕ ಬ್ಯಾಂಕ್ ಆ ದಶಕದಲ್ಲಿ ಶೃಂಗೇರಿ ಶಾರದಾ ಬ್ಯಾಂಕ್, ಚಿತ್ರದುರ್ಗ ಬ್ಯಾಂಕ್ ಮತ್ತು ಬ್ಯಾಂಕ್ ಆಫ್ ಕರ್ನಾಟಕಗಳನ್ನು ತನ್ನೊಳಗೆ ಸೇರಿಸಿಕೊಂಡಿತು. ಮೂಲ್ಕಿ ಸುಂದರರಾಮ ಶೆಟ್ಟಿ ಅವರ ಕಾಲದಲ್ಲಿ ವಿಜಯಾ ಬ್ಯಾಂಕ್ ಒಂಬತ್ತು ಸಣ್ಣ ಬ್ಯಾಂಕುಗಳನ್ನು ಸೇರಿಸಿಕೊಂಡಿತು.

ಅಢಾವೆ ಪತ್ರಿಕೆ ಓದಿ ಬ್ಯಾಂಕಿನ ಆರೋಗ್ಯ ತಿಳಿಯುವುದು ಷೇರುದಾರನಿಗೆ ಆ ಕಾಲದಲ್ಲಿ ಸಾಧ್ಯವಿರಲಿಲ್ಲ ಎಂದೇ ಹೇಳಬೇಕು. ಕೆಟ್ಟ ಸಾಲಗಳಿಗೆ ತೆಗೆದಿಟ್ಟ ಮೊತ್ತವನ್ನು ಬೇರೆ ತೋರಿಸದೆ ಗುಪ್ತ ಮೀಸಲು ಇಟ್ಟುಕೊಳ್ಳಲು ಕಾನೂನಿನಲ್ಲಿಯೇ ಅವಕಾಶವಿತ್ತು. ಬ್ಯಾಂಕಿಂಗ್ ಸುಧಾರಣೆ ಕುರಿತ ನರಸಿಂಹಂ ಸಮಿತಿ 1991ರಲ್ಲಿ ವರದಿ ಕೊಟ್ಟ ಬಳಿಕ ಸ್ಥಿತಿ ಬದಲಾಯಿತು. ಬಡ್ಡಿ ಕೈಗೆ ಬಾರದೆ ಅದನ್ನು ಆದಾಯವೆಂದು ಬರೆಯುವಂತಿಲ್ಲ, ವಸೂಲಾಗದ ಸಾಲವನ್ನು ಬೇರ್ಪಡಿಸಿ ತೋರಿಸಬೇಕು ಎಂಬ ನಿಯಮಗಳು ಬಂದವು. 2004ರ ಮಾರ್ಚಿನಿಂದ 90 ದಿನ ಬಾಕಿ ಉಳಿದ ಸಾಲವನ್ನೂ ವಸೂಲಾಗದ್ದೆಂದು ಎಣಿಸತೊಡಗಿದರು. ಅದಕ್ಕೂ ಮೊದಲು ಅವಧಿ ಇದರ ಇಮ್ಮಡಿ ಇತ್ತು. ಆದ್ದರಿಂದ 1985ರ ಲಾಭವನ್ನು 2005ರ ಲಾಭದ ಪಕ್ಕದಲ್ಲಿಟ್ಟು ಹೋಲಿಸಿದರೆ ದಾರಿ ತಪ್ಪುತ್ತದೆ. ಅಂಕಿಗಿಂತ ಮೊದಲು ಅಳತೆಗೋಲನ್ನು ನೋಡಬೇಕು. ಮಂಗಳೂರಿನ ಕಂಪನಿಗಳನ್ನು ಕಾಲಾನುಕ್ರಮದಲ್ಲಿ ಓದುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ.

ಸಾಲಪತ್ರಗಳಿಗೆ ದರ್ಜೆ ಕೊಡಲು ದೇಶದ ಮೊದಲ ಸಂಸ್ಥೆ ಕ್ರಿಸಿಲ್ 1987ರಲ್ಲಿ ಸ್ಥಾಪನೆಯಾಯಿತು. 1991ರಲ್ಲಿ ಇಕ್ರಾ, 1993ರಲ್ಲಿ ಕೇರ್ ಬಂದವು. ಇವುಗಳ ಮೇಲೆ ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮಾವಳಿ 1999ರಲ್ಲಿ ಬಂತು. ಎಎಎಯಿಂದ ಡಿವರೆಗಿನ ಸಂಕೇತಗಳು ಎಲ್ಲ ಸಂಸ್ಥೆಗಳಲ್ಲೂ ಒಂದೇ ಅರ್ಥ ಕೊಡಬೇಕೆಂದು 2011ರಲ್ಲಿ ನಿಗದಿಯಾಯಿತು. ಈ ಅಕ್ಷರಗಳು ಹೇಳುವುದು ಸಾಲ ಹಿಂದಿರುಗುವ ಸಾಧ್ಯತೆಯನ್ನು ಮಾತ್ರ. ಷೇರು ಏರುತ್ತದೋ ಇಳಿಯುತ್ತದೋ ಎಂಬುದನ್ನಲ್ಲ. ಹೊಸ ಷೇರು ನೀಡಿಕೆಗಳಿಗೆ 1ರಿಂದ 5ರವರೆಗೆ ಶ್ರೇಣಿ ಕೊಡುವುದನ್ನು 2007ರಲ್ಲಿ ಕಡ್ಡಾಯ ಮಾಡಿ, 2014ರಲ್ಲಿ ಐಚ್ಛಿಕಗೊಳಿಸಿದರು. ಅದರಲ್ಲೂ ಬೆಲೆಯ ಮಾತಿರಲಿಲ್ಲ.

ಬೆಲೆಯ ಮಾತು ನಡೆಯುತ್ತಿದ್ದುದು ಬೇರೆಡೆ. ಮಂಗಳೂರು ಷೇರು ವಿನಿಮಯ ಕೇಂದ್ರ 1984ರಲ್ಲಿ ಸ್ಥಾಪನೆಯಾಗಿ, ಕೊಡಿಯಾಲಬೈಲಿನ ರಾಮಭವನ ಸಂಕೀರ್ಣದಿಂದ ಕೆಲಸ ಮಾಡಿತು. ನೋಂದಾಯಿತ ಕಚೇರಿಗೆ ಸಮೀಪದ ಕೇಂದ್ರದಲ್ಲಿ ಕಂಪನಿ ತನ್ನ ಷೇರು ನೋಂದಾಯಿಸಲೇಬೇಕು ಎಂಬ ನಿಯಮವೇ ಇಂಥ ಪ್ರಾದೇಶಿಕ ಕೇಂದ್ರಗಳಿಗೆ ಆಸರೆ. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ ಗಣಕ ಪರದೆ 1994ರಲ್ಲಿ ಷೇರು ವ್ಯವಹಾರಕ್ಕೆ ತೆರೆದುಕೊಂಡು ಊರೂರಿಗೆ ತಲುಪಿದಂತೆ ವಹಿವಾಟು ಅತ್ತ ಹರಿಯಿತು; 2003ರಲ್ಲಿ ಆ ನಿಯಮವೂ ಹೋಯಿತು. ಸೆಬಿ 2004ರಲ್ಲಿ ಮಂಗಳೂರು ಕೇಂದ್ರದ ಮಾನ್ಯತೆಯನ್ನು ನವೀಕರಿಸಲಿಲ್ಲ. ವಿಧಿವತ್ತಾದ ನಿರ್ಗಮನದ ಆದೇಶ 2014ರ ಮಾರ್ಚ್ 3ರಂದು ಹೊರಬಿತ್ತು. ಕಂಪನಿಯನ್ನು ಹತ್ತಿರದಿಂದ ಬಲ್ಲವರೇ ಅದರ ಷೇರಿಗೆ ಬೆಲೆ ಕಟ್ಟುವ ಒಂದು ಸ್ಥಳ ಊರಿನ ಕೈತಪ್ಪಿತು. ಇದು ಸಣ್ಣ ನಷ್ಟವಲ್ಲ.

ಬೆಲೆ, ದರ್ಜೆ, ಮಾಲೀಕತ್ವ ಮೂರೂ ಹೇಗೆ ಹೆಣೆದುಕೊಳ್ಳುತ್ತವೆ ಎಂಬುದಕ್ಕೆ ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲಿಲ್ಲ. ಎಚ್‌ಪಿಸಿಎಲ್ ಮತ್ತು ಆದಿತ್ಯ ಬಿರ್ಲಾ ಸಮೂಹದ ಜಂಟಿ ಸಂಸ್ಥೆಯಾಗಿ 1988ರಲ್ಲಿ ಹುಟ್ಟಿದ ಇದು, ಸಾಲ ಮಾಡಿ ಸಾಮರ್ಥ್ಯವನ್ನು ವರ್ಷಕ್ಕೆ 30 ಲಕ್ಷ ಟನ್ನಿನಿಂದ 96.9 ಲಕ್ಷ ಟನ್ನಿಗೆ ಏರಿಸಿಕೊಂಡಿತು. ಹೊಸ ಶತಮಾನದ ಆರಂಭದಲ್ಲಿ ನಷ್ಟ ಬಡ್ಡಿಯ ಹೊರೆಯೊಂದಿಗೆ ಸೇರಿ ಕಂಪನಿಯ ಬೆನ್ನು ಮುರಿಯಿತು. 2003ರ ಮಾರ್ಚಿನಲ್ಲಿ ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿ, 10 ರೂಪಾಯಿ ಮುಖಬೆಲೆಯ ಷೇರುಗಳನ್ನು ತಲಾ 2 ರೂಪಾಯಿಯಂತೆ ಬಿರ್ಲಾ ಸಮೂಹದಿಂದ ಕೊಂಡು, 600 ಕೋಟಿ ರೂಪಾಯಿ ಹೊಸ ಬಂಡವಾಳ ಹಾಕಿತು. ಮರು ವರ್ಷವೇ ಕಂಪನಿ ಲಾಭಕ್ಕೆ ಮರಳಿತು. ಮುಂದೆ ಅದರ ಸಾಲಪತ್ರಗಳಿಗೆ ಎಎಎ ದರ್ಜೆಯೂ ಸಿಕ್ಕಿತು. ಸ್ಥಾವರ ಅದೇ, ಸಮುದ್ರ ಅದೇ; ಬದಲಾದದ್ದು ಮಾಲೀಕತ್ವ. ಆ ಅಕ್ಷರಗಳಲ್ಲಿ ಮಾತೃಸಂಸ್ಥೆಯ ಬಲವೂ ಸೇರಿದೆ ಎಂಬುದನ್ನು ಓದುವವರು ಮರೆಯಬಾರದು. ಕೋವಿಡ್ ವರ್ಷದಲ್ಲಿ ನಷ್ಟಕ್ಕೆ ಬಿದ್ದು, 2021-22 ಮತ್ತು 2022-23ರಲ್ಲಿ 2,500 ಕೋಟಿ ರೂಪಾಯಿ ಮೀರಿದ ಲಾಭ ಗಳಿಸಿದಾಗಲೂ ಎಎಎ ನಿಂತಿದ್ದು ಈ ಬಲದ ಮೇಲೆಯೇ.

ಮುಂದೆ ಸರ್ಕಾರದ ಒಡೆತನಕ್ಕೆ ಬಂದ ಕರಾವಳಿಯ ಬ್ಯಾಂಕುಗಳ ಕಥೆ ಇದಕ್ಕಿಂತ ನೋವಿನದು. 1997ರಲ್ಲಿ ಸಾರ್ವಜನಿಕರಿಗೆ ಷೇರು ನೀಡಿದ ಕಾರ್ಪೊರೇಷನ್ ಬ್ಯಾಂಕ್, ಮಂಗಳೂರಿನ ಪಾಂಡೇಶ್ವರದ ಪ್ರಧಾನ ಕಚೇರಿಯಿಂದ ಬಹುಕಾಲ ಶುದ್ಧ ಲೆಕ್ಕದ ಬ್ಯಾಂಕೆಂಬ ಹೆಸರು ಉಳಿಸಿಕೊಂಡಿತ್ತು. 2015ರಲ್ಲಿ ರಿಸರ್ವ್ ಬ್ಯಾಂಕ್ ಸಾಲಗಳ ಗುಣಮಟ್ಟ ಪರಿಶೀಲಿಸಿದ ನಂತರ ಕೆಟ್ಟ ಸಾಲಗಳು ಮೇಲೆ ಬಂದವು. ಬಂಡವಾಳ, ನಿವ್ವಳ ವಸೂಲಾಗದ ಸಾಲ, ಆಸ್ತಿಯ ಮೇಲಿನ ಪ್ರತಿಫಲಗಳನ್ನು ನೋಡಿ ನಿರ್ಬಂಧ ಹೇರುವ ತ್ವರಿತ ಸರಿಪಡಿಕೆ ಕ್ರಮಕ್ಕೆ ಬ್ಯಾಂಕ್ ಒಳಗಾಯಿತು. 2017-18ರ ನಷ್ಟ 4,000 ಕೋಟಿ ರೂಪಾಯಿ ಮೀರಿತು. ಅದೇ ವರ್ಷ 21 ಸರ್ಕಾರಿ ಬ್ಯಾಂಕುಗಳಲ್ಲಿ ಲಾಭ ತೋರಿಸಿದ್ದು ಎರಡೇ; ಒಂದು ವಿಜಯಾ ಬ್ಯಾಂಕ್. ಆದರೂ ನಷ್ಟದ ಕಾರ್ಪೊರೇಷನ್, ಲಾಭದ ವಿಜಯಾ ಎರಡೂ ವಿಲೀನವಾದವು: ವಿಜಯಾ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ, ಕಾರ್ಪೊರೇಷನ್ ಮರುವರ್ಷ ಅದೇ ದಿನ ಯೂನಿಯನ್ ಬ್ಯಾಂಕಿನಲ್ಲಿ. ಸಾವಿರ ಷೇರಿಗೆ ವಿಜಯಾದವರಿಗೆ 402, ಕಾರ್ಪೊರೇಷನ್‌ನವರಿಗೆ 330 ಷೇರು ಸಿಕ್ಕಿತು. ಮೇಲ್ನೋಟಕ್ಕೆ ಎರಡೂ ಅಂಕಿ ಹತ್ತಿರವೆನಿಸುತ್ತವೆ. ಆದರೆ ವಿಜಯಾ ಷೇರಿನ ಮುಖಬೆಲೆ 10 ರೂಪಾಯಿ, ಅದಕ್ಕೆ ಬದಲಾಗಿ ಬಂದ ಬರೋಡಾ ಷೇರಿನದು 2; ಕಾರ್ಪೊರೇಷನ್‌ನದು 2 ರೂಪಾಯಿ, ಯೂನಿಯನ್‌ನದು 10. ಮುಖಬೆಲೆ ಮತ್ತು ಆಗಿನ ಪೇಟೆ ಬೆಲೆ ತಿಳಿಯದೆ ಈ ಅನುಪಾತಗಳನ್ನು ತೂಗುವಂತಿಲ್ಲ.

ರಿಸರ್ವ್ ಬ್ಯಾಂಕ್ ತಪಾಸಣೆಯ ಬಳಿಕ ಬ್ಯಾಂಕುಗಳಿಗೆ ಕೊಡುವ ಒಳ ದರ್ಜೆಯನ್ನು ಪ್ರಕಟಿಸುವುದಿಲ್ಲ. ಮಂಗಳೂರಿನಲ್ಲೇ ಪ್ರಧಾನ ಕಚೇರಿ ಉಳಿಸಿಕೊಂಡು 2024ರಲ್ಲಿ ನೂರು ತುಂಬಿದ, ಪ್ರವರ್ತಕರಿಲ್ಲದ ಕರ್ಣಾಟಕ ಬ್ಯಾಂಕಿನ ಷೇರುದಾರರೂ ಹೀಗಾಗಿ ಬಹಿರಂಗ ಲೆಕ್ಕವನ್ನೇ ನೆಚ್ಚಬೇಕು. ಆ ಲೆಕ್ಕ ತ್ರೈಮಾಸಿಕ ಮುಗಿದ 45 ದಿನಗಳಲ್ಲಿ, ವರ್ಷಾಂತ್ಯದ್ದಾದರೆ 60 ದಿನಗಳಲ್ಲಿ ಷೇರುಪೇಟೆಗೆ ಸಲ್ಲಿಕೆಯಾಗಬೇಕೆಂಬುದು ಈಗಿನ ನಿಯಮ.