ಸಾಹುಕಾರನ ಪೆಟ್ಟಿಗೆಯಿಂದ ಸಿಬಿಲ್ ತನಕ

'ಸಿಬಿಲ್ ಸರಿಯಿಲ್ಲ, ಸಾಲ ಕೊಡಕ್ಕಾಗಲ್ಲ ಅಂತವ್ರೆ ಬ್ಯಾಂಕಿನೋರು. ಅದೇನು ಸಾ, ಅದು?' ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಿಂದ ವೀಕ್ಷಕರೊಬ್ಬರು ಕೇಳಿದ ಪ್ರಶ್ನೆ ಇದು. ಉತ್ತರ ಹೇಳಬೇಕಾದರೆ ನೂರಿಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು.

ಆಗ ಹಳ್ಳಿಯವನ ಸಾಲದ ಲೆಕ್ಕ ಸಾಹುಕಾರನ ಪೆಟ್ಟಿಗೆಯಲ್ಲಿರುತ್ತಿತ್ತು. ಬರೆಯುವವನೂ ಅವನೇ, ಓದುವವನೂ ಅವನೇ. ಹೆಬ್ಬೆಟ್ಟು ಒತ್ತಿದವನಿಗೆ ತನ್ನ ಹೆಸರಿನ ಮುಂದೆ ಏನು ಬರೆದಿದೆ ಅನ್ನೋದೇ ಗೊತ್ತಿರುತ್ತಿರಲಿಲ್ಲ.

1904ರಲ್ಲಿ ಬ್ರಿಟಿಷ್ ಸರ್ಕಾರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ತಂದಿತು. ಮರುವರ್ಷವೇ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಮೈಸೂರು ಸಂಸ್ಥಾನವೂ 1905ರಲ್ಲೇ ತನ್ನ ಸಹಕಾರ ಕಾನೂನು ಮಾಡಿತು. 'ಪತ್ತು' ಅಂದರೆ ನಂಬಿಕೆ. ಯಾರು ಸಾಲ ತೀರಿಸ್ತಾರೆ, ಯಾರು ಕೈ ಎತ್ತುತ್ತಾರೆ ಅಂತ ಊರಿಗೇ ಗೊತ್ತಿತ್ತು. ಲೆಕ್ಕದ ಪುಸ್ತಕ ಮೊದಲ ಸಲ ಪೆಟ್ಟಿಗೆಯಿಂದ ಹೊರಗೆ ಬಂತು.

ಆದರೆ ಬೆಂಗಳೂರಿನ ಬ್ಯಾಂಕಿಗೆ ಪೂರಿಗಾಲಿಯ ರೈತನ ಪತ್ತು ಹೇಗೆ ಗೊತ್ತಾಗಬೇಕು? ಅದಕ್ಕೇ 2000ದಲ್ಲಿ ಸಿಬಿಲ್ ಅನ್ನುವ ಕಂಪನಿ ಹುಟ್ಟಿತು. 2005ರಲ್ಲಿ ಸಂಸತ್ತು ಇದಕ್ಕೆ ಕಾಯ್ದೆ ಮಾಡಿತು. ಇವತ್ತು ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಅಂತ ನಾಲ್ಕು ಕಂಪನಿಗಳಿವೆ. ಇವು ಯಾರಿಗೂ ಸಾಲ ಕೊಡಲ್ಲ, ತಡೆಯೋದೂ ಇಲ್ಲ. ಬ್ಯಾಂಕುಗಳು ಕಳಿಸಿದ ಲೆಕ್ಕ ಇಟ್ಟುಕೊಂಡು 300ರಿಂದ 900ರೊಳಗೆ ಒಂದು ಅಂಕ ಕೊಡ್ತವೆ. ತೀರ್ಮಾನ ಬ್ಯಾಂಕಿನದು.

ನಾನು ಇಂಜಿನಿಯರಿಂಗ್ ಓದಿದವನು. ಲೆಕ್ಕಕ್ಕೆ ತಪ್ಪು ಮಾಹಿತಿ ಕೊಟ್ಟರೆ ತಪ್ಪು ಉತ್ತರವೇ ಬರುತ್ತೆ. ಹಾಗಾಗಿ ಬರೀ ಅಂಕ ನೋಡಬೇಡಿ, ಒಳಗಿನ ಪುಟ ಓದಿ. ಹೆಸರು, ಪಾನ್ ನಂಬರ್ ನಿಮ್ಮದೇನಾ? ಅಲ್ಲಿರುವ ಸಾಲವೆಲ್ಲ ನೀವೇ ತಗೊಂಡಿದ್ದಾ? ಕಂತು ಎಷ್ಟು ದಿನ ತಡವಾಯ್ತು ಅಂತ ತಿಂಗಳು ತಿಂಗಳಿಗೂ ಬರೆದಿರುತ್ತೆ. ಪೂರ್ತಿ ತೀರಿಸಿದ ಸಾಲದ ಮುಂದೆ 'ಕ್ಲೋಸ್ಡ್' ಇರಬೇಕು. ಬ್ಯಾಂಕಿನ ಜೊತೆ ಮಾತಾಡಿ ಕಮ್ಮಿ ಕಟ್ಟಿ ಮುಗಿಸಿದ್ದರೆ 'ಸೆಟಲ್ಡ್' ಅಂತ ಬರುತ್ತೆ. ಇದು ಮುಂದಿನ ಸಾಲಕ್ಕೆ ಅಡ್ಡಿ. ಭಾವಮೈದುನನಿಗೆ ಹಾಕಿದ ಜಾಮೀನೂ, ಹೆಣ್ಣುಮಕ್ಕಳು ಮೈಕ್ರೋಫೈನಾನ್ಸ್‌ನಲ್ಲಿ ಗುಂಪು ಸೇರಿ ತೆಗೆದ ಸಾಲವೂ ಅಲ್ಲಿ ಕಾಣುತ್ತೆ.

ರಿಸರ್ವ್ ಬ್ಯಾಂಕಿನ ಆದೇಶದಂತೆ 2017ರಿಂದ ವರ್ಷಕ್ಕೊಂದು ಪೂರ್ತಿ ವರದಿಯನ್ನು ಪ್ರತಿ ಕಂಪನಿಯೂ ಪುಕ್ಕಟೆ ಕೊಡಬೇಕು. ತಪ್ಪಿದ್ದರೆ ಬರೆದು ದೂರು ಕೊಡಿ. 30 ದಿನದಲ್ಲಿ ಇತ್ಯರ್ಥ ಮಾಡದಿದ್ದರೆ ಅಲ್ಲಿಂದಾಚೆಗೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅನ್ನುವ ನಿಯಮ 2024ರಿಂದ ಜಾರಿಯಲ್ಲಿದೆ. ಕಂಪನಿಯ ಸ್ವಂತ ವೆಬ್‌ಸೈಟಿನಲ್ಲೇ ವರದಿ ತೆಗೆಸಿ. 'ಸಿಬಿಲ್ ರಿಪೇರಿ ಮಾಡಿಕೊಡ್ತೀವಿ' ಅಂತ ದುಡ್ಡು ಕೇಳೋರಿಗೆ ಒಟಿಪಿ ಕೊಡಬೇಡಿ.

ನಮ್ಮ ಮುತ್ತಾತಂದಿರಿಗೆ ಸಾಹುಕಾರನ ಪೆಟ್ಟಿಗೆ ತೆಗೆಸೋ ಹಕ್ಕಿರಲಿಲ್ಲ. ನಿಮಗೆ ಕಾನೂನೇ ಕೊಟ್ಟಿದೆ. ಸಾಲ ಕೇಳೋಕೆ ಹೋಗೋ ಮುಂಚೆ ಒಂದ್ಸಲ ತೆಗೆಸಿ ನೋಡಿ.