ಎರಡು ಬಾಗಿಲಿನ ಗಡಿಯಾರ
‘ದಿ ಆಫುಲ್ ಟ್ರೂತ್’, 1937, ಹಾಲಿವುಡ್

35 ಎಂಎಂ ಕಪ್ಪು-ಬಿಳುಪು ಚಿತ್ರ. ಸುಮಾರು 90 ನಿಮಿಷ. ನಿರ್ಮಾಣ: ಕೊಲಂಬಿಯಾ ಪಿಕ್ಚರ್ಸ್. ಮೂಲ: ಆರ್ಥರ್ ರಿಚ್‌ಮನ್ ಅವರ ನಾಟಕ.

ಪರಸ್ಪರ ಅನುಮಾನಕ್ಕೆ ಬಿದ್ದ ಗಂಡ ಹೆಂಡತಿ, ಕೇರಿ ಗ್ರಾಂಟ್ ಮತ್ತು ಐರೀನ್ ಡನ್, ವಿಚ್ಛೇದನ ಕೇಳುತ್ತಾರೆ. ತೀರ್ಪು ಜಾರಿಯಾಗಲು 90 ದಿನ. ಅಷ್ಟರಲ್ಲಿ ಒಬ್ಬರ ಹೊಸ ಸಂಬಂಧವನ್ನು ಇನ್ನೊಬ್ಬರು ಕೆಡಿಸುತ್ತಾರೆ. ಸಾಕುನಾಯಿ ಮಿಸ್ಟರ್ ಸ್ಮಿತ್ ಯಾರ ಪಾಲಿಗೆ ಎಂಬುದೂ ನ್ಯಾಯಾಲಯದ ಕಟ್ಟೆ ಏರುತ್ತದೆ. ಆಟಿಕೆಯನ್ನು ಮರೆಯಲ್ಲಿ ತೋರಿಸಿ ನಾಯಿಯನ್ನು ಸೆಳೆದುಕೊಳ್ಳುವ ಹೆಂಡತಿಯನ್ನು ನೋಡಿ: ಮುನಿಸಿನೊಳಗೇ ಎಷ್ಟು ಮಮತೆ!

ನಿರ್ದೇಶಕ ಲಿಯೋ ಮೆಕ್‌ಕೇರಿ ಪಳಗಿದ್ದು ಮೂಕಿಚಿತ್ರಗಳ ಹಾಸ್ಯದಲ್ಲಿ. ಬರೆದ ಸಂಭಾಷಣೆಗೆ ಅಂಟಿಕೊಳ್ಳದೆ ಸೆಟ್ಟಿನಲ್ಲೇ ದೃಶ್ಯ ಕಟ್ಟುತ್ತಿದ್ದರು. ಇಲ್ಲಿನ ಜಗಳಗಳು ನಿಜವಾದ ಮನೆಯ ಜಗಳದಂತೆ ಕೇಳಿಸುವುದು ಅದರಿಂದಲೇ. ಈ ಚಿತ್ರದ ನಿರ್ದೇಶನಕ್ಕೆ ಅವರಿಗೆ ಆಸ್ಕರ್ ಸಂದಿತು.

ಗಮನಿಸಿ: ಕೊನೆಯ ದೃಶ್ಯದಲ್ಲಿ ಅಕ್ಕಪಕ್ಕದ ಎರಡು ಕೋಣೆ, ನಡುವೆ ಚಿಲಕ ನಿಲ್ಲದ ಬಾಗಿಲು. ಅಲ್ಲಿರುವ ಗಡಿಯಾರದಲ್ಲೂ ಎರಡು ಪುಟ್ಟ ಬಾಗಿಲು. ಗಂಡು ಗೊಂಬೆ, ಹೆಣ್ಣು ಗೊಂಬೆ ಬೇರೆ ಬೇರೆಯಾಗಿ ಹೊರಬಂದು ಒಳಹೋಗುತ್ತವೆ. ನಡುರಾತ್ರಿ ಹನ್ನೆರಡಕ್ಕೆ ವಿಚ್ಛೇದನ ಜಾರಿ. ಆ ಗಂಟೆಗೆ ಗಂಡು ಗೊಂಬೆ ಯಾವ ಬಾಗಿಲಿಗೆ ಹೋಗುತ್ತದೆಂದು ಕಾದು ನೋಡಿ.